ಒಂದು ಬುಟ್ಟಾ, ಹಲವು ಸೀರೆ



ಹಿಂದೂಪುರದಿಂದ ಹದಿನೈದು ಕಿಲೋಮೀಟರು ದೂರದ ಲೇಪಾಕ್ಷಿಗೆ ನೀವು ಹೋಗಿಯೇ ಇರುತ್ತೀರಿ. ಕಲ್ಯಾಣದುರ್ಗದ ಕಡೆಯವರಾದರೆ ಶಾಲೆಯ ಪ್ರವಾಸದಲ್ಲಾದರೂ ಒಮ್ಮೆ ನೋಡಿರುತ್ತೀರಿ. ತೂಗುಕಂಬದ ಕೆಳಗೆ ಬಟ್ಟೆ ತೂರಿಸಿ ಎಳೆದು, ದೊಡ್ಡ ಬಸವಣ್ಣನ ಮುಂದೆ ಫೋಟೋ ತೆಗೆಸಿಕೊಂಡು, ಬಸ್ಸಿಗೆ ಹೊತ್ತಾಯಿತೆಂದು ಹೊರಟು ಬಂದಿರುತ್ತೀರಿ. ನಾನೂ ಹಾಗೆ ಮೂರು ನಾಲ್ಕು ಸಲ ಬಂದವನೇ. ಲತಾಮಂಟಪದ ಕಂಬಗಳ ಮುಂದೆ ನಿಂತು ನೋಡಿದ್ದು ಬಹಳ ತಡವಾಗಿ.

ಆ ಗುಡಿ ವಿಜಯನಗರದ ಅಚ್ಯುತದೇವರಾಯನ ಕಾಲದ್ದು, ಅಂದರೆ 1529 ರಿಂದ 1542 ರ ನಡುವಿನದು. ಕಟ್ಟಿಸಿದವರು ವಿರೂಪಣ್ಣ, ವೀರಣ್ಣ ಎಂಬ ಸೋದರರು. ಅಲ್ಲಿರುವ ಕನ್ನಡ ಶಾಸನಗಳ ಕಥೆ ಇನ್ನೊಂದು ದಿನಕ್ಕಿರಲಿ. ಲತಾಮಂಟಪದ ಕಂಬಗಳ ಮೇಲೆ ಬಳ್ಳಿ, ಹೂವು, ಹಕ್ಕಿ, ಗೆರೆಗಳ ಹೆಣಿಗೆ ತುಂಬಿಕೊಂಡಿದೆ. ಈ ಚಿತ್ತಾರಗಳೇ ಮುಂದೆ ಸೀರೆಯ ಅಂಚಿಗೆ ಇಳಿದು, ಲೇಪಾಕ್ಷಿ ಡಿಸೈನು ಎಂದು ಹೆಸರಾದವು.

ಒಂದು ಸಂಗತಿ ಗಮನಿಸಿ. ಶಿಲ್ಪಿಯ ತಲೆಯಲ್ಲಿದ್ದ ನಮೂನೆ ಒಂದೇ ಆದರೂ ಉಳಿಯ ಪೆಟ್ಟು ಪ್ರತಿ ಸಲವೂ ಹೊಸದಾಗಿಯೇ ಬೀಳಬೇಕು. ನೂರನೆಯ ಹೂವಿಗೂ ಮೊದಲ ಹೂವಿನಷ್ಟೇ ದುಡಿಮೆ. ಒಮ್ಮೆ ಮಾಡಿಟ್ಟ ಕೆಲಸವನ್ನು ಎತ್ತಿ ಇನ್ನೊಂದು ಕಡೆ ಇಡುವ ಉಪಾಯ ಕಲ್ಲಿನಲ್ಲಿಲ್ಲ, ಮಗ್ಗದಲ್ಲಿದೆ. ಆ ಉಪಾಯದ ಚರಿತ್ರೆಯನ್ನೇ ಇಲ್ಲಿ ಹೇಳಹೊರಟಿದ್ದೇನೆ. ಅದು ನಮ್ಮ ಮಗ್ಗದ ಮನೆಗಳನ್ನು ಹಾದು, ಇವತ್ತು ಗಣಕಯಂತ್ರದ ಪರದೆಯ ಮೇಲೆ ಚಿತ್ರ ಹೆಣೆಯುವ ಹುಡುಗ ಹುಡುಗಿಯರವರೆಗೂ ಬರುತ್ತದೆ. ದಾರಿಯುದ್ದಕ್ಕೂ ಒಂದು ಪ್ರಶ್ನೆ ನಮ್ಮ ಬೆನ್ನು ಬಿಡುವುದಿಲ್ಲ: ಇನ್ನೊಬ್ಬರು ಮಾಡಿಟ್ಟದ್ದನ್ನು ನಾನು ಬಳಸಬಹುದು ಸರಿ, ಬಿಚ್ಚಿ ತಿದ್ದಬಹುದೇ?

ಹಿಂದೂಪುರದ ಪಕ್ಕದ ಮುದಿರೆಡ್ಡಿಪಲ್ಲಿಯಲ್ಲಿ ರೇಷ್ಮೆ ಸೀರೆ ನೇಯುವ ಮನೆಗಳಿವೆ. ಅಂಥ ಮನೆಯೊಳಗೆ ಕಾಲಿಟ್ಟರೆ ಮೊದಲು ಕಿವಿಗೆ ಬೀಳುವುದು ಲಾಳಿಯ ಸದ್ದು. ಮೊದಲು ಕಣ್ಣಿಗೆ ಬೀಳುವುದು ಮಗ್ಗದ ತಲೆಯ ಮೇಲೆ ಕೂತ ಜಕಾರ್ಡು ಪೆಟ್ಟಿಗೆ ಮತ್ತು ಅದರಿಂದ ಹಾರದ ಹಾಗೆ ಇಳಿಬಿದ್ದ ತೂತಿನ ಕಾರ್ಡುಗಳ ಸಾಲು. ಒಂದು ಕಾರ್ಡು ಎಂದರೆ ಒಂದು ಹೊಕ್ಕು. ತೂತು ಇದ್ದ ಕಡೆ ಕೊಕ್ಕೆ ಮೇಲೇಳುತ್ತದೆ, ಅದಕ್ಕೆ ಕಟ್ಟಿದ ಹಾಸಿನ ಎಳೆಯೂ ಏಳುತ್ತದೆ. ತೂತು ಇಲ್ಲದ ಕಡೆ ಎಳೆ ಅಲ್ಲೇ ಉಳಿಯುತ್ತದೆ. ಕಾರ್ಡುಗಳನ್ನು ದಾರದಿಂದ ಹೊಲಿದು ಮಾಲೆ ಮಾಡಿರುವುದರಿಂದ ಕೊನೆಯ ಕಾರ್ಡು ಮುಗಿದೊಡನೆ ಮೊದಲನೆಯದು ತಿರುಗಿ ಬರುತ್ತದೆ. ಬುಟ್ಟಾ ಒಂದೇ, ಸೀರೆಯ ಉದ್ದಕ್ಕೂ ಅದೇ.

ಅಗಲಕ್ಕೆ ಏನು ಮಾಡುತ್ತಾರೆ? ನನಗೆ ಬೆರಗು ಹುಟ್ಟಿಸಿದ್ದು ಇದೇ. ಒಂದು ಬುಟ್ಟಾಕ್ಕೆ 120 ಎಳೆ ಬೇಕು, ಸೀರೆಯ ಅಗಲದಲ್ಲಿ ಅದು ಹತ್ತು ಸಲ ಬರಬೇಕು ಎಂದಿಟ್ಟುಕೊಳ್ಳಿ. ಎಳೆಗಳು 1200 ಆದವು. ಆದರೆ ಕೊಕ್ಕೆಗಳು 1200 ಬೇಡ, 120 ಸಾಕು. ಒಂದೊಂದು ಕೊಕ್ಕೆಯಿಂದ ಹತ್ತು ದಾರ ಇಳಿಸಿ, ಹತ್ತು ಬುಟ್ಟಾಗಳಲ್ಲಿಯೂ ಅದೇ ಜಾಗದ ಎಳೆಗೆ ಕಟ್ಟಿಬಿಡುತ್ತಾರೆ. ಕೊಕ್ಕೆ ಒಂದು ಸಲ ಎದ್ದರೆ ಹತ್ತು ಕಡೆ ಹೂವಿನ ಅದೇ ದಳ ಮೂಡುತ್ತದೆ. ಎಡಬಲ ಎದುರುಬದುರು ಇರುವ ಚಿತ್ತಾರವಾದರೆ, ದಾರಗಳನ್ನು ಕನ್ನಡಿಯಂತೆ ತಿರುಗಿಸಿ ಕಟ್ಟಿ ಕೊಕ್ಕೆಗಳನ್ನು ಅರ್ಧಕ್ಕೆ ಇಳಿಸುತ್ತಾರೆ. ಕಡಿಮೆ ಕೊಕ್ಕೆಯಲ್ಲಿ ದೊಡ್ಡ ಡಿಸೈನು ತೆಗೆಯುವ ಈ ಲೆಕ್ಕ ಯಾವ ಎಂಜಿನಿಯರಿಂಗ್ ಪಾಠಕ್ಕೂ ಕಡಿಮೆಯದಲ್ಲ.

ಇದಕ್ಕೆ ಇನ್ನೊಂದು ಮುಖವಿದೆ. ಕಾರ್ಡಿನಲ್ಲಿ ಒಂದು ತೂತು ತಪ್ಪಿಬಿದ್ದರೆ ಆ ತಪ್ಪೂ ಹತ್ತು ಕಡೆ, ಪ್ರತಿ ಸುತ್ತಿನಲ್ಲಿಯೂ ಮೂಡುತ್ತದೆ. ಆಗ ಕಾಗದದ ಚೂರು ಅಂಟಿಸಿ ತೂತು ಮುಚ್ಚಬೇಕು.

ಜಕಾರ್ಡಿಗೆ ಮುಂಚೆಯೂ ಈ ಉಪಾಯ ಇತ್ತು. ಬನಾರಸಿನಲ್ಲಿ ನಕ್ಷಾಬಂದರೆಂಬ ಕಸುಬುದಾರರು ಡಿಸೈನನ್ನು ದಾರದ ಜಾಲದಲ್ಲಿಯೇ ಕಟ್ಟಿಕೊಡುತ್ತಿದ್ದರು. ಮಗ್ಗದ ಮೇಲುಗಡೆ ಕೂತ ಹುಡುಗ ಒಂದೊಂದೇ ದಾರ ಎಳೆಯುತ್ತಿದ್ದ. ಫ್ರಾನ್ಸಿನ ಲಿಯಾನಿನಲ್ಲಿಯೂ ಅಂಥದೇ ಹುಡುಗರು. ಅಲ್ಲಿ 1725 ರಲ್ಲಿ ಬೂಶೋನ್ ತೂತಿನ ಕಾಗದದ ಸುರುಳಿಯನ್ನು ಮಗ್ಗಕ್ಕೆ ತಂದ. ಅದನ್ನು ಮೂವರು ನಾಲ್ವರು ತಿದ್ದುತ್ತ ಬಂದು, 1804 ರ ಹೊತ್ತಿಗೆ ಜೋಸೆಫ್ ಮರಿ ಜಕಾರ್ಡನ ಕೈಯಲ್ಲಿ ಅದು ನಿಂತಿತು. ಹೆಸರು ಅವನದಾಯಿತು, ಹುಡುಗರ ಕೆಲಸ ಹೋಯಿತು. 1839 ರಲ್ಲಿ ಅವನ ಭಾವಚಿತ್ರವನ್ನೇ ರೇಷ್ಮೆಯಲ್ಲಿ ನೇಯ್ದರು. ಅದಕ್ಕೆ ಹಿಡಿದ ಕಾರ್ಡುಗಳು ಸುಮಾರು 24,000. ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ಅದರ ಒಂದು ಪ್ರತಿಯನ್ನು ಮನೆಗೆ ಬಂದವರಿಗೆ ತೋರಿಸುತ್ತಿದ್ದ. ಇಂಥ ಕಾರ್ಡುಗಳಿಂದಲೇ ತನ್ನ ಲೆಕ್ಕದ ಯಂತ್ರ ನಡೆಯಬೇಕು ಎಂಬುದು ಅವನ ಯೋಜನೆ. ಗಣಕಯಂತ್ರದ ವಂಶಾವಳಿ ಬರೆಯುವವರೆಲ್ಲ ಇಲ್ಲಿ ನಿಂತು ಮಗ್ಗಕ್ಕೆ ಒಂದು ನಮಸ್ಕಾರ ಹಾಕಿ ಮುಂದೆ ಹೋಗುತ್ತಾರೆ. ನಾವು ಇನ್ನಷ್ಟು ಹೊತ್ತು ಮಗ್ಗದ ಬಳಿಯೇ ನಿಲ್ಲೋಣ.

ಏಕೆಂದರೆ ನೇಕಾರನ ಕೈಯಲ್ಲಿ ಏನು ಉಳಿಯಿತು, ಏನು ಹೋಯಿತು ಎಂಬುದು ಮುಖ್ಯ. ಕಲ್ಯಾಣದುರ್ಗದ ಕಡೆಯವರು ಕಂಬಳಿ ಮಗ್ಗ ನೋಡಿರಬಹುದು. ಅದಕ್ಕೆ ಜಕಾರ್ಡೂ ಇಲ್ಲ, ಕಾರ್ಡೂ ಇಲ್ಲ. ಬಿಳಿಯ ಪಟ್ಟೆ ಎಲ್ಲಿ, ಕರಿಯದು ಎಲ್ಲಿ ಎಂದು ಮಗ್ಗದ ಮುಂದೆ ಕೂತವನೇ ತೀರ್ಮಾನಿಸುತ್ತಾನೆ. ರೇಷ್ಮೆ ಸೀರೆಯ ಮಗ್ಗದಲ್ಲಿ ಹಾಗಲ್ಲ. ಡಿಸೈನು ಮೊದಲು ಗ್ರಾಫ್ ಕಾಗದದ ಮನೆಗಳಲ್ಲಿ ತುಂಬಿಕೊಳ್ಳುತ್ತದೆ, ಅಲ್ಲಿಂದ ಕಾರ್ಡು ಹೊಡೆಯುವವರ ಬಳಿ ಹೋಗುತ್ತದೆ, ಕಟ್ಟಾಗಿ ಮನೆಗೆ ಬರುತ್ತದೆ. ಹೂವಿಗೆ ಒಂದು ದಳ ಹೆಚ್ಚಿಗೆ ಬೇಕೆನಿಸಿದರೆ ನೇಕಾರ ಕೂತಲ್ಲಿಂದ ಮಾಡುವ ಹಾಗಿಲ್ಲ. ಆದರೂ ಕೆಲವು ಸಂಗತಿಗಳು ಅವನ ಕೈಯಲ್ಲಿಯೇ ಉಳಿದವು: ಬುಟ್ಟಾದ ಬಣ್ಣ, ಜರಿಯೋ ರೇಷ್ಮೆಯೋ ಎಂಬುದು, ಜಕಾರ್ಡನ್ನು ಸುಮ್ಮನೆ ನಿಲ್ಲಿಸಿ ಬರೀ ಹೊಕ್ಕು ಹೊಡೆದು ಎರಡು ಬುಟ್ಟಾಗಳ ನಡುವೆ ಬಿಡುವ ಜಾಗ. ಒಂದೇ ಕಾರ್ಡಿನ ಕಟ್ಟಿನಿಂದ ಮದುವೆಯ ಸೀರೆಯೂ ಹೊರಡುತ್ತದೆ, ಹಗುರವಾದ ಸೀರೆಯೂ ಹೊರಡುತ್ತದೆ. ಈ ಎರಡು ಮೂರು ಹಿಡಿಕೆಗಳು ನೇಕಾರನ ಕೈಗೆ ಸಿಗದಿದ್ದರೆ ಆ ಕಟ್ಟು ಒಂದೇ ಸೀರೆಗೆ ಮುಗಿದುಹೋಗುತ್ತಿತ್ತು.

ಈಗ ಗಣಕಯಂತ್ರಕ್ಕೆ ಬರೋಣ. 1963 ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಐವನ್ ಸದರ್ಲ್ಯಾಂಡ್ ಎಂಬ ವಿದ್ಯಾರ್ಥಿ ಸ್ಕೆಚ್‌ಪ್ಯಾಡ್ ಎಂಬುದನ್ನು ತನ್ನ ಪಿಎಚ್.ಡಿ. ಪ್ರಬಂಧವಾಗಿ ಒಪ್ಪಿಸಿದ. ಬೆಳಕಿನ ಲೇಖನಿಯಿಂದ ಪರದೆಯ ಮೇಲೆ ಗೆರೆ ಎಳೆಯಬಹುದಿತ್ತು. ನಮಗೆ ಬೇಕಾದ ಭಾಗ ಬೇರೆ. ಒಂದು ಮೂಲಚಿತ್ರ ಬರೆದಿಟ್ಟು ಅದರ ನಕಲುಗಳನ್ನು ಪರದೆಯ ತುಂಬ ಹರಡಬಹುದಿತ್ತು. ಮೂಲವನ್ನು ತಿದ್ದಿದರೆ ನಕಲುಗಳೆಲ್ಲ ತಾವೇ ತಿದ್ದಿಕೊಳ್ಳುತ್ತಿದ್ದವು. ಆರು ಮೂಲೆಯ ಆಕೃತಿಗಳ ಜಾಲವೊಂದರಲ್ಲಿ ಮೂಲವನ್ನು ಬದಲಾಯಿಸಿ, ಇಡೀ ಜಾಲವನ್ನು ಮೀನಿನ ಹುರುಪೆಯಂತೆ ಮಾಡಿ ತೋರಿಸಿದ. ಕಾರ್ಡು ಬದಲಾಯಿಸಿದರೆ ಹತ್ತು ಬುಟ್ಟಾಗಳೂ ಬದಲಾಗುವ ಆಟವೇ ಇದು, ಆದರೆ ಕಾರ್ಡು ಹೊಡೆಯುವವನೂ ನೇಯುವವನೂ ಒಬ್ಬನೇ.

ಎಂಬತ್ತರ ದಶಕದಲ್ಲಿ ಇನ್ನೊಂದು ಹೆಜ್ಜೆ. ಗಣಕಯಂತ್ರದ ಚಿತ್ರದಲ್ಲಿ ಒಂದು ವಸ್ತು ತಾಮ್ರದಂತೆ ಹೊಳೆಯಬೇಕೋ ಮರದಂತೆ ಕಾಣಬೇಕೋ ಎಂಬುದಕ್ಕೆ ಅದುವರೆಗೆ ಸಿದ್ಧ ಸೂತ್ರವೊಂದೇ ಇರುತ್ತಿತ್ತು. 1984 ರಲ್ಲಿ ರಾಬರ್ಟ್ ಕುಕ್ ಆ ಸೂತ್ರವನ್ನು ಸಣ್ಣ ಸಣ್ಣ ತುಂಡುಗಳಾಗಿ ಒಡೆದು, ಕೊಂಬೆಗೆ ಕೊಂಬೆ ಕೂಡಿಸಿದಂತೆ ಬೇಕಾದ ಹಾಗೆ ಜೋಡಿಸಿಕೊಳ್ಳಬಹುದೆಂದು ತೋರಿಸಿದ. 1988 ರಲ್ಲಿ ಸಿಲಿಕಾನ್ ಗ್ರಾಫಿಕ್ಸ್ ಕಂಪನಿಯ ಪಾಲ್ ಹೇಬರ್ಲಿ ಕಾನ್‌ಮ್ಯಾನ್ ಎಂಬುದನ್ನು ಮುಂದಿಟ್ಟ. ಪರದೆಯ ಮೇಲಿನ ತುಂಡುಗಳ ನಡುವೆ, ಬಳಸುವವರೇ ತಮ್ಮ ಕೈಯಾರೆ ಎಳೆ ಹಾಕಬಹುದಾಗಿತ್ತು. 1990 ರಲ್ಲಿ ಗ್ರೆಗರಿ ಏಬ್ರಂ ಮತ್ತು ಟರ್ನರ್ ವಿಟೆಡ್ ಈ ಎರಡನ್ನೂ ಹತ್ತಿರ ತಂದರು. ಇವತ್ತು ಹಣ ಕೊಡದೆ ಸಿಗುವ ಬ್ಲೆಂಡರ್ ಎಂಬ ತಂತ್ರಾಂಶದಲ್ಲಿ 2006 ರಿಂದ ವಸ್ತುವಿನ ಬಣ್ಣ ಹೊಳಪಿಗೂ, 2021 ರಿಂದ ಅದರ ಆಕಾರಕ್ಕೂ ಇದೇ ಪದ್ಧತಿಯಿದೆ.

ಪರದೆಯ ಮೇಲೆ ಕಾಣುವುದು ಸಣ್ಣ ಪೆಟ್ಟಿಗೆಗಳು. ಇವನ್ನು ನೋಡ್ ಎನ್ನುತ್ತಾರೆ. ನಮ್ಮ ಕಿವಿಗೆ ‘ನೋಡು’ ಎಂದಂತೆ ಕೇಳಿಸುವ ಈ ಇಂಗ್ಲಿಷ್ ಮಾತಿನ ಮೂಲ ಅರ್ಥ ಗಂಟು. ನೇಕಾರರಿಗೆ ಒಗ್ಗುವ ಹೆಸರೇ. ಪೆಟ್ಟಿಗೆಯ ಎಡಕ್ಕೆ ಒಳಬಾಯಿ, ಬಲಕ್ಕೆ ಹೊರಬಾಯಿ. ಒಂದು ಹೂವಿನ ಆಕಾರ ಕೊಡುತ್ತದೆ, ಒಂದು ಅದನ್ನು ಸಾಲಾಗಿ ಹರಡುತ್ತದೆ, ಒಂದು ಬಣ್ಣ ಹಾಕುತ್ತದೆ. ಬಾಯಿಂದ ಬಾಯಿಗೆ ಎಳೆ ಹಾಕಿದರೆ ಚಿತ್ರ ಮೂಡುತ್ತದೆ. ಹತ್ತು ಗಂಟುಗಳಿರುವಾಗ ಎಲ್ಲವೂ ಚೆನ್ನ. ಐವತ್ತು ದಾಟಿತೆಂದರೆ ಬೆಕ್ಕು ಆಡಿದ ನೂಲಿನುಂಡೆ. ಯಾವ ಎಳೆ ಎಲ್ಲಿಂದ ಬಂತು ಎಂದು ಬರೆದವನಿಗೇ ತಿಳಿಯದು.

ಇದು ಬರೀ ದೂರಲ್ಲ, ಅಳೆದದ್ದೂ ಉಂಟು. 1996 ರಲ್ಲಿ ಥಾಮಸ್ ಗ್ರೀನ್ ಮತ್ತು ಮೇರಿಯನ್ ಪೆಟ್ರೆ ಇಂಥ ಚಿತ್ರರೂಪದ ಸಾಧನಗಳನ್ನು ಪರೀಕ್ಷಿಸಿದರು. ಅವರು ನೋಡಿದ ಒಂದು ಸಣ್ಣ ತಿದ್ದುಪಡಿಗೆ, ಅಕ್ಷರದಲ್ಲಿ ಬರೆಯುವ ಬೇಸಿಕ್ ಭಾಷೆಗಿಂತ ಲ್ಯಾಬ್‌ವ್ಯೂ ಎಂಬ ಎಳೆ ಹಾಕುವ ಸಾಧನದಲ್ಲಿ ಸುಮಾರು ಎಂಟು ಪಟ್ಟು ಹೊತ್ತು ಹಿಡಿಯಿತು. ಚಿತ್ರವೆಂದ ಮಾತ್ರಕ್ಕೆ ಸುಲಭ ಎಂದು ನಂಬಿದ್ದವರಿಗೆ ಇದು ಕಹಿ. ಒಂದು ಗಂಟು ನಡುವೆ ಸೇರಿಸಬೇಕೆಂದರೆ ಅಕ್ಕಪಕ್ಕದವನ್ನೆಲ್ಲ ಸರಿಸಿ, ಎಳೆ ಕಿತ್ತು, ಮತ್ತೆ ಹಾಕಬೇಕಲ್ಲ!

ಇದಕ್ಕೆ ಮದ್ದಾಗಿ ಬಂದದ್ದು ಗುಂಪು. ಇಪ್ಪತ್ತು ಗಂಟುಗಳನ್ನು ಒಟ್ಟಿಗೆ ಕಟ್ಟಿ ಒಂದೇ ಪೆಟ್ಟಿಗೆ ಮಾಡಿ, ಬೇಕಾದಲ್ಲೆಲ್ಲ ಇಡುವುದು. ಅದೇ ಗಣಕಯಂತ್ರದ ಕಾರ್ಡಿನ ಕಟ್ಟು. ಕಟ್ಟುವುದು ಸುಲಭ. ಯಾವ ಬಾಯಿಗಳನ್ನು ಹೊರಗೆ ಬಿಡಬೇಕು ಎಂಬುದೇ ಕಷ್ಟ. ಇಪ್ಪತ್ತು ಬಾಯಿಗಳನ್ನೂ ಬಿಟ್ಟರೆ ಬಳಸುವವನಿಗೆ ಕಣ್ಣು ಕತ್ತಲೆ. ಒಂದನ್ನೂ ಬಿಡದಿದ್ದರೆ ಅದು ಒಂದೇ ಸೀರೆಯ ಕಟ್ಟು. ಬಣ್ಣ, ದಾರದ ಜಾತಿ, ನಡುವಿನ ಜಾಗ: ನೇಕಾರನ ಕೈಗೆ ಉಳಿದ ಆ ಮೂರನ್ನು ನೆನೆದರೆ, ಅಲ್ಲಿ ಯಾರೂ ಕೂತು ಯೋಚಿಸದೆಯೇ ಎಷ್ಟು ಸರಿಯಾದ ಆಯ್ಕೆ ನಡೆದಿದೆ ಎನಿಸುತ್ತದೆ.

ಹೆಸರಿನ ಮಾತು ಬಿಟ್ಟರೆ ತಪ್ಪಾದೀತು. ನಮ್ಮಲ್ಲಿ ರುದ್ರಾಕ್ಷಿ ಅಂಚು ಎಂದರೆ ಸಾಕು, ಮಾವಿನ ಬುಟ್ಟಾ ಎಂದರೆ ಸಾಕು. ಕೊಳ್ಳುವ ಹೆಂಗಸಿಗೂ ಮಾರುವ ಸಾಹುಕಾರನಿಗೂ ನೇಯುವವನಿಗೂ ಒಂದೇ ಚಿತ್ರ ಕಣ್ಣಿಗೆ ಕಟ್ಟುತ್ತದೆ. ಬ್ಲೆಂಡರಿನಲ್ಲಿ ನೀವು ಹೆಸರಿಡದೆ ಬಿಟ್ಟರೆ ಆ ಯಂತ್ರ ತಾನೇ ‘ನೋಡ್‌ಗ್ರೂಪ್’ ಎಂದು ಹೆಸರಿಟ್ಟುಕೊಳ್ಳುತ್ತದೆ. ಎರಡನೆಯದಕ್ಕೆ ‘ನೋಡ್‌ಗ್ರೂಪ್ ಸೊನ್ನೆ ಸೊನ್ನೆ ಒಂದು’. ಆರು ತಿಂಗಳಾದ ಮೇಲೆ ಅದರೊಳಗೆ ಏನಿದೆಯೆಂದು ಯಾರು ಹೇಳಬೇಕು? ಮಾಡಿಟ್ಟದ್ದು ಸಿಗದಿದ್ದರೆ ಜನ ಮತ್ತೆ ಹೊಸದಾಗಿ ಮಾಡುತ್ತಾರೆ. ಕಲ್ಲಿನ ಕಂಬದ ಶಿಲ್ಪಿಯ ಹಾಗೆ.

ಹಳೆಯ ಕಟ್ಟುಗಳ ಗೋಳೂ ಒಂದಿದೆ. 240 ಕೊಕ್ಕೆಗೆಂದು ಹೊಡೆಸಿದ ಕಾರ್ಡುಗಳು 400 ಕೊಕ್ಕೆಯ ಪೆಟ್ಟಿಗೆಗೆ ಕೂರುವುದಿಲ್ಲ. ಬ್ಲೆಂಡರಿನಲ್ಲಿಯೂ 2021 ರ ಕೊನೆಗೆ ಆಕಾರದ ನೋಡುಗಳ ಪದ್ಧತಿಯನ್ನೇ ಬದಲಾಯಿಸಿ, ಅದೇ ವರ್ಷದ ಆರಂಭದಲ್ಲಿ ಕೊಟ್ಟಿದ್ದ ಹಲವಕ್ಕೆ ‘ಹಳತು’ ಎಂಬ ಚೀಟಿ ಅಂಟಿಸಿದರು. ಬದಲಾವಣೆ ಒಳ್ಳೆಯದಕ್ಕೇ ಆಯಿತೆಂದು ಬಲ್ಲವರು ಹೇಳುತ್ತಾರೆ. ಆ ಹತ್ತು ತಿಂಗಳು ಕೂತು ಗುಂಪುಗಳನ್ನು ಕಟ್ಟಿದವರು ಮಾತ್ರ ಮತ್ತೆ ಗ್ರಾಫ್ ಕಾಗದದಿಂದಲೇ ಶುರುಮಾಡಬೇಕಾಯಿತು.

ಇದೆಲ್ಲ ನಮಗೇಕೆ ಎಂದು ನೀವು ಕೇಳಬಹುದು. 1983 ರಲ್ಲಿ ವಿದ್ಯುನ್ಮಾನ ಜಕಾರ್ಡು ಬಂದ ಮೇಲೆ ಕಾರ್ಡಿನ ಮಾಲೆಯೇ ಬೇಡವಾದ ಮಗ್ಗಗಳೂ ಇವೆ; ಅಲ್ಲಿ ಡಿಸೈನು ಒಂದು ಕಡತ, ಅಷ್ಟೆ. ಕಾರ್ಡಾದರೆ ಬೆಳಕಿಗೆ ಹಿಡಿದು ತೂತು ಎಣಿಸಬಹುದಿತ್ತು, ಕಾಗದ ಅಂಟಿಸಬಹುದಿತ್ತು. ಮುಚ್ಚಿದ ಕಡತವನ್ನು ನೇಕಾರ ಏನು ಮಾಡಿಯಾನು? ಬಿಚ್ಚಬಹುದಾದ ಗುಂಪು ಮತ್ತು ಮುಚ್ಚಿದ ಕಡತ, ಇವೆರಡರಲ್ಲಿ ಯಾವುದು ಅವನ ಮನೆಗೆ ಬರುತ್ತದೆ ಎಂಬುದರ ಮೇಲೆ, ಒಂದು ದಳ ಹೆಚ್ಚು ಕಡಿಮೆ ಮಾಡುವ ಅಧಿಕಾರ ಯಾರದೆಂಬುದು ನಿಂತಿದೆ. ಅವನ ಮಗಳು ಕಾಲೇಜಿನಲ್ಲಿ ಗಣಕಯಂತ್ರ ಕಲಿಯುತ್ತಿದ್ದರೆ ಅವಳಿಗೆ ಇದನ್ನು ಹೇಳಿ. ಬ್ಲೆಂಡರಿನಲ್ಲಿ ಒಂದು ಗುಂಪಿನ ಮೇಲೆ ನಿಂತು ಟ್ಯಾಬ್ ಕೀಲಿ ಒತ್ತಿದರೆ ಪೆಟ್ಟಿಗೆ ತೆರೆದುಕೊಂಡು ಒಳಗಿನ ಗಂಟುಗಳೆಲ್ಲ ಕಾಣುತ್ತವೆ. ಆ ಗುಂಪು ಹಲವು ಕಡೆ ಬಳಕೆಯಲ್ಲಿದ್ದರೆ ಹೆಸರಿನ ಪಕ್ಕ ಒಂದು ಅಂಕಿ ಇರುತ್ತದೆ. ಆ ಅಂಕಿಯನ್ನು ಒತ್ತಿದರೆ ಅವಳ ಪ್ರತಿ ಬೇರೆಯಾಗುತ್ತದೆ. ಆಮೇಲೆ ಅವಳು ಏನು ತಿದ್ದಿದರೂ ಉಳಿದ ಬುಟ್ಟಾಗಳು ಕೆಡುವುದಿಲ್ಲ.