ಜಾರಿಕೆಯೂ ಸವೆತವೂ

ಚೆನ್ನಾಗಿ ಜಾರುವ ವಸ್ತು ಬೇಗ ಸವೆಯಲಾರದೆಂಬುದು ಸಹಜವಾದ ಎಣಿಕೆ. ಇಂಗ್ಲೆಂಡಿನ ರೈಟಿಂಗ್ಟನ್ ಆಸ್ಪತ್ರೆಯ ಶಸ್ತ್ರವೈದ್ಯ ಜಾನ್ ಚಾರ್ನ್ಲಿಯೂ ಹಾಗೆಯೇ ಎಣಿಸಿದ್ದ. ಅದರ ಬೆಲೆ ತೆತ್ತವರು ಸುಮಾರು 300 ರೋಗಿಗಳು.

ಪ್ಯಾರಿಸಿನ ಜೂಡೆ ಸಹೋದರರು ರೂಪಿಸಿದ್ದ ಅಕ್ರಿಲಿಕ್ ಕೀಲನ್ನು ಸೊಂಟದಲ್ಲಿ ಕೂರಿಸಿಕೊಂಡಿದ್ದ ರೋಗಿಯೊಬ್ಬ ಅಲುಗಾಡಿದಾಗಲೆಲ್ಲ ಕೀಲು ಕಿರುಗುಟ್ಟುತ್ತಿತ್ತು. ಘರ್ಷಣೆಯೇ ಶತ್ರುವೆಂದು ಚಾರ್ನ್ಲಿ ತೀರ್ಮಾನಿಸಿದ. ಉಕ್ಕಿನ ಸಣ್ಣ ಗುಂಡು, ಅದು ತಿರುಗಲು ಟೆಫ್ಲಾನಿನ ಬಟ್ಟಲು: 1950ರ ದಶಕದ ಕೊನೆಯಲ್ಲಿ ಅವನು ಕಂಡ ಪರಿಹಾರ ಇದು. ಉಕ್ಕಿನ ಮೇಲೆ ಟೆಫ್ಲಾನಿನಷ್ಟು ನುಣುಪಾಗಿ ಜಾರುವ ಘನವಸ್ತುಗಳು ವಿರಳ. ನೋವಿನಿಂದ ನರಳುತ್ತಿದ್ದವರು ಎದ್ದು ನಡೆದರು. ಆದರೆ ಮೂರು ವರ್ಷ ಕಳೆಯುವಷ್ಟರಲ್ಲಿ ಬಟ್ಟಲುಗಳು ಸವೆದವು. ಉದುರಿದ ಕಣಗಳ ಸುತ್ತ ಅಂಗಾಂಶ ಕೆರಳಿ ಗಂಟುಕಟ್ಟಿತು.

ಟೆಫ್ಲಾನಿನ ಗುಣವೇ ಅದರ ದೋಷ. ಅದರ ನೀಳ, ನುಣುಪಾದ ಅಣುಗಳು ಒಂದನ್ನೊಂದು ಬಿಗಿಯಾಗಿ ಹಿಡಿಯುವುದಿಲ್ಲ. ಮೇಲ್ಪದರ ಕಳಚಿ ಉಕ್ಕಿಗೆ ತೆಳುವಾಗಿ ಬಳಿದುಕೊಳ್ಳುತ್ತದೆ. ಆ ಕಳಚುವಿಕೆಯಿಂದಲೇ ಜಾರಿಕೆ, ಅದರಿಂದಲೇ ಸವೆತ. ಯಂತ್ರಗಳ ಬೇರಿಂಗುಗಳಲ್ಲಿ ಇದಕ್ಕೆ ಮದ್ದು ಗೊತ್ತಿತ್ತು: ಟೆಫ್ಲಾನಿಗೆ ಗಾಜಿನಂಥ ಗಟ್ಟಿ ಪುಡಿಯನ್ನು ಬೆರೆಸುವುದು. ಫ್ಲೂರೋಸಿಂಟ್ ಎಂಬ ಅಂಥದೊಂದು ಮಿಶ್ರವಸ್ತುವನ್ನು ಚಾರ್ನ್ಲಿ ಪ್ರಯೋಗಿಸಿದ. ಪ್ರಯೋಗಶಾಲೆಯಲ್ಲಿ ಗೆದ್ದ ಅದು ದೇಹದೊಳಗೆ ಸೋತಿತು. ಬಟ್ಟಲು ಸವೆದದ್ದಲ್ಲದೆ, ಬೆರೆತಿದ್ದ ಪುಡಿ ಸಾಣೆಪುಡಿಯಂತೆ ಉಕ್ಕಿನ ಗುಂಡನ್ನೂ ಉಜ್ಜಿತು.

1962ರಲ್ಲಿ ಮಾರಾಟಗಾರನೊಬ್ಬ ಜರ್ಮನಿಯ ಪಾಲಿಎಥಿಲೀನಿನ ತುಂಡೊಂದನ್ನು ತಂದ. ಅದು ಮಗ್ಗಗಳ ಹಲ್ಲುಗಾಲಿಗೆ ಬಳಕೆಯಾಗುತ್ತಿದ್ದ ವಸ್ತು. ಚಾರ್ನ್ಲಿ ಉಗುರಿನಿಂದ ಒತ್ತಿ ನೋಡಿ, ಬೇಡವೆಂದ. ಅವನ ಕಾರ್ಯಾಗಾರದ ಕುಶಲಕರ್ಮಿ ಹ್ಯಾರಿ ಕ್ರೇವನ್ ಮಾತ್ರ ಅದನ್ನು ಪರೀಕ್ಷಾಯಂತ್ರಕ್ಕೆ ಏರಿಸಿಯೇಬಿಟ್ಟ. (ಈ ಕಥೆಯಲ್ಲಿ ಕ್ರೇವನ್‌ಗೆ ಸಲ್ಲಬೇಕಾದಷ್ಟು ಮನ್ನಣೆ ಸಂದಿಲ್ಲವೆಂದು ನನ್ನ ಭಾವನೆ.) ಹಗಲಿರುಳು ಮೂರು ವಾರ ಓಡಿದರೂ ಅದು ಸವೆದದ್ದು ಟೆಫ್ಲಾನ್ ಒಂದು ದಿನದಲ್ಲಿ ಸವೆಯುವುದಕ್ಕಿಂತ ಕಡಿಮೆ. ಅದರ ಘರ್ಷಣೆಯಾದರೋ ಟೆಫ್ಲಾನಿನದಕ್ಕಿಂತ ಹೆಚ್ಚು! ಅದೇ ನವೆಂಬರಿನಿಂದ ಪಾಲಿಎಥಿಲೀನಿನ ಬಟ್ಟಲುಗಳನ್ನು ಕೂರಿಸಲಾಯಿತು.

ಈ ಬಾರಿ ಚಾರ್ನ್ಲಿ ಯಂತ್ರವೊಂದನ್ನೇ ನಂಬಲಿಲ್ಲ. ಎರಡೂ ವಸ್ತುಗಳ ಮಾದರಿಗಳನ್ನು ತನ್ನದೇ ತೊಡೆಯೊಳಗೆ ಸೇರಿಸಿಕೊಂಡು ತಿಂಗಳುಗಟ್ಟಲೆ ಕಾದ. ಟೆಫ್ಲಾನ್ ಇದ್ದೆಡೆ ಗಂಟುಗಳು ಕೈಗೆ ಸಿಕ್ಕವು. ಅದನ್ನು 1963ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಾನೇ ಬರೆದು ತಿಳಿಸಿದ. ಅತ್ತ, ಸವೆದ ಬಟ್ಟಲುಗಳ ರೋಗಿಗಳು ಒಬ್ಬೊಬ್ಬರಾಗಿ ಮರುಶಸ್ತ್ರಚಿಕಿತ್ಸೆಗೆ ಬರುತ್ತಲೇ ಇದ್ದರು.