ಕ್ಯಾಸನೂರಿನ ವೈರಸ್ಸು ಗುರುತಾದ ಬಗೆ

ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರ ಮಾರ್ಚ್ ಹೊತ್ತಿಗೆ ಮುಸುವಗಳೂ ಮಂಗಗಳೂ ಸತ್ತು ಬೀಳುತ್ತಿದ್ದವು. ಅದೇ ಕಾಡಿಗೆ ಸೌದೆಗೆ, ತರಗೆಲೆಗೆ, ದನ ಮೇಯಿಸಲು ಹೋಗುತ್ತಿದ್ದ ಸುತ್ತಲ ಹಳ್ಳಿಗಳ ಜನ ಸುಡುವ ಜ್ವರ, ತಲೆನೋವು, ಮೈಕೈ ನೋವಿನಿಂದ ಹಾಸಿಗೆ ಹಿಡಿದಿದ್ದರು. ಕೆಲವರಿಗೆ ಮೂಗು, ವಸಡುಗಳಿಂದ ರಕ್ತ ಸೋರುತ್ತಿತ್ತು. ಕಾಡಿನ ಸಾವಿಗೂ ಊರಿನ ಸಾವಿಗೂ ನಂಟಿದೆ ಎಂದು ಊರವರು ಕಂಡುಕೊಂಡಿದ್ದರು ಎನ್ನುವುದಕ್ಕೆ ‘ಮಂಗನ ಕಾಯಿಲೆ’ ಎಂಬ ಹೆಸರೇ ಸಾಕ್ಷಿ. ಹಾಗಿದ್ದ ಮೇಲೆ ಪ್ರಯೋಗಾಲಯ ಹೊಸದಾಗಿ ಕೊಟ್ಟದ್ದೇನು? ರೋಗಾಣುವನ್ನು ಗುರುತಿಸುವುದೆಂದರೆ ಒಂದು ಪರೀಕ್ಷೆಯ ಫಲಿತಾಂಶ ಓದುವುದಲ್ಲ, ಒಂದಕ್ಕೊಂದು ತಾಳೆಯಾಗುವ ಹಲವು ಸಾಕ್ಷಿಗಳನ್ನು ಕಲೆಹಾಕುವುದು ಎಂಬುದಕ್ಕೆ ಕ್ಯಾಸನೂರಿನಷ್ಟು ಸ್ಪಷ್ಟವಾದ ನಿದರ್ಶನ ನಮ್ಮ ನಾಡಿನ ವೈದ್ಯಕೀಯ ಇತಿಹಾಸದಲ್ಲಿ ಇನ್ನೊಂದಿಲ್ಲ ಎಂದು ನಾನು ನಂಬಿದ್ದೇನೆ.

ಸುದ್ದಿ ಪುಣೆಯ ವೈರಸ್ ಸಂಶೋಧನಾ ಕೇಂದ್ರ ಮುಟ್ಟಿದಾಗ ಅಲ್ಲಿನವರ ಮನಸ್ಸಿಗೆ ಮೊದಲು ಬಂದದ್ದು ಹಳದಿ ಜ್ವರ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಅಮೆರಿಕದ ರಾಕ್‌ಫೆಲರ್ ಫೌಂಡೇಶನ್ ಕೂಡಿ 1952ರಲ್ಲಿ ತೆರೆದ ಕೇಂದ್ರ ಅದು. ಆ ಫೌಂಡೇಶನ್ನಿನವರು ಹಳದಿ ಜ್ವರದ ಬೆನ್ನುಹತ್ತಿ ದಶಕಗಳನ್ನು ಕಳೆದಿದ್ದರು. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಮಂಗಗಳು ಸಾಯತೊಡಗಿದರೆ ಹಳದಿ ಜ್ವರ ಬಂತೆಂದೇ ಲೆಕ್ಕ. ಭಾರತದಲ್ಲಿ ಆ ರೋಗ ಎಂದೂ ಕಾಣಿಸಿಕೊಂಡಿರಲಿಲ್ಲ, ಆದರೆ ಅದನ್ನು ಹರಡಬಲ್ಲ ಸೊಳ್ಳೆ ಇಲ್ಲಿ ಊರೂರಲ್ಲೂ ಇತ್ತು. ಅನುಭವವೂ ಭಯವೂ ಒಂದೇ ಹೆಸರನ್ನು ಸೂಚಿಸುತ್ತಿದ್ದಾಗ ಕೇಂದ್ರದ ವಿಜ್ಞಾನಿಗಳಾದ ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮತ್ತು ಅವರ ಭಾರತೀಯ ಸಹೋದ್ಯೋಗಿಗಳು ಆ ಹೆಸರಿಗೆ ಅಂಟಿಕೊಳ್ಳಲಿಲ್ಲ. ನನ್ನ ದೃಷ್ಟಿಯಲ್ಲಿ ಅವರ ದೊಡ್ಡತನ ಇರುವುದೇ ಇಲ್ಲಿ.

ಅವರ ಕೈಯಲ್ಲಿದ್ದ ಮುಖ್ಯ ಸಾಧನ ಹಾಲು ಕುಡಿಯುವ ಸುಂಡಿಲಿ ಮರಿ. ರೋಗಿಯ ರಕ್ತವನ್ನೋ, ಸತ್ತ ಮಂಗದ ಅಂಗಾಂಶವನ್ನು ಅರೆದ ದ್ರವವನ್ನೋ ಮರಿಗಳ ಮಿದುಳಿಗೆ ಚುಚ್ಚಿ, ಅವು ಕಾಯಿಲೆ ಬೀಳುತ್ತವೆಯೇ ಎಂದು ದಿನದಿನವೂ ನೋಡುವುದು. ಬಿದ್ದರೆ ಅವುಗಳ ಮಿದುಳಿನಿಂದ ಮತ್ತೊಂದು ಗುಂಪಿಗೆ ದಾಟಿಸುವುದು. ನಿಧಾನದ, ಅಪಾಯದ ಕೆಲಸ. ಈ ವೈರಸ್ಸು ಮುಂದೆ ಪ್ರಯೋಗಾಲಯದ ಸಿಬ್ಬಂದಿಗೂ ಸೋಂಕಿತು. ಆದರೆ ಈ ವಿಧಾನಕ್ಕೊಂದು ಅಪರೂಪದ ಗುಣವಿತ್ತು: ಯಾವ ವೈರಸ್ಸು ಎಂದು ಮೊದಲೇ ಊಹಿಸಿಕೊಂಡು ಹೊರಡಬೇಕಾಗಿರಲಿಲ್ಲ. ಹೀಗೆ ಬೆಳೆಸಿದ ವೈರಸ್ಸನ್ನು, ಆಗಲೇ ಪರಿಚಯವಿದ್ದ ಬೇರೆ ಬೇರೆ ವೈರಸ್ಸುಗಳ ವಿರುದ್ಧದ ಪ್ರತಿಕಾಯಗಳಿರುವ ಸೀರಮ್‌ಗಳ ಜೊತೆ ಸೇರಿಸಿ ಹೋಲಿಸಿದಾಗ ಬೆರಗಿನ ಉತ್ತರ ಬಂತು. ಅದು ಹಳದಿ ಜ್ವರದ ದೊಡ್ಡ ಗುಂಪಿಗೇ ಸೇರಿದ್ದು ನಿಜ. ಆದರೆ ಹತ್ತಿರದ ಸಂಬಂಧಿ ರಷ್ಯಾದ ವಸಂತ–ಬೇಸಿಗೆ ಮಿದುಳುಜ್ವರದ ವೈರಸ್ಸಿನ ಬಳಗ. ಆ ಬಳಗವನ್ನು ಹರಡುವುದು ಸೊಳ್ಳೆಯಲ್ಲ, ಉಣುಗು. ಕಾಡಿನಲ್ಲಿ ಹೆಕ್ಕಿದ ಹೀಮೋಫೈಸಾಲಿಸ್ ಜಾತಿಯ ಉಣುಗುಗಳಲ್ಲೂ ಅದೇ ವೈರಸ್ಸು ಸಿಕ್ಕಿತು. ಮಂಗ, ಮನುಷ್ಯ, ಉಣುಗು ಮೂರರಲ್ಲೂ ಒಂದೇ ವೈರಸ್ಸು ದೊರೆತ ಮೇಲೆ ಅನುಮಾನಕ್ಕೆ ಎಡೆ ಉಳಿಯಲಿಲ್ಲ. ಇನ್ನು ರೋಗಿಯ ಮಟ್ಟಿಗೆ, ಜ್ವರದ ಮೊದಲ ದಿನಗಳಲ್ಲಿ ಒಮ್ಮೆ, ಚೇತರಿಸಿಕೊಂಡ ಮೇಲೆ ಒಮ್ಮೆ ರಕ್ತ ತೆಗೆದು, ಎರಡನೆಯದರಲ್ಲಿ ಪ್ರತಿಕಾಯ ನಾಲ್ಕು ಪಟ್ಟಾದರೂ ಏರಿದೆಯೇ ಎಂದು ನೋಡುವುದು ಅಂದಿನ ಪದ್ಧತಿ. ಡೆಂಗಿಯಂಥ ಸೋದರ ವೈರಸ್ಸುಗಳ ಪ್ರತಿಕಾಯಗಳೂ ಪರೀಕ್ಷೆಯಲ್ಲಿ ಅಡ್ಡ ಬರುವುದರಿಂದ ಒಂದೇ ಸೀರಮ್ಮಿನ ಮಾತನ್ನು ಅವರು ಪೂರ್ತಿ ನಂಬುವಂತಿರಲಿಲ್ಲ.

ಊರವರಿಗೆ ಗೊತ್ತಿದ್ದುದನ್ನೇ ಇಷ್ಟು ಸುತ್ತುಬಳಸಿ ಹೇಳಿದಂತಾಯಿತಲ್ಲ ಎಂಬ ಆಕ್ಷೇಪಕ್ಕೆ ಉಣುಗಿನಲ್ಲೇ ಉತ್ತರವಿದೆ. ಮಂಗ ರೋಗ ಹೊತ್ತು ತರುವ ಶತ್ರುವಲ್ಲ, ನಮ್ಮಂತೆಯೇ ಅದಕ್ಕೆ ಬಲಿಯಾಗುವ ಜೀವಿ. ಸತ್ತ ಮಂಗದ ಮೈಬಿಟ್ಟು ಸುತ್ತಲ ತರಗೆಲೆಗೆ ಉದುರುವ ಉಣುಗುಗಳಿಂದಲೇ ಅಪಾಯ. ಮಂಗ ಸತ್ತ ಜಾಗದ ಸುತ್ತ ಕೀಟನಾಶಕ ಹಾಕುವುದು, ಕಾಡಿಗೆ ಹೋಗುವ ಮುನ್ನ ಮೈಗೆ ಉಣುಗು ನಿರೋಧಕ ಎಣ್ಣೆ ಹಚ್ಚಿಕೊಳ್ಳುವುದು ಇವೆಲ್ಲ ಹೊಳೆದದ್ದು ಆ ತಿಳಿವಿನಿಂದ. ಈ ರೋಗಕ್ಕೆಂದೇ ಔಷಧವಿಲ್ಲದಿರುವಾಗ ರೋಗಾಣುವಿನ ಹೆಸರು ತಿಳಿದು ರೋಗಿಗೇನು ಲಾಭ ಎನ್ನುವವರಿಗೂ ಇದನ್ನೇ ಹೇಳಬೇಕು. ಒಬ್ಬ ರೋಗಿಯ ರಕ್ತದಲ್ಲಿ ವೈರಸ್ಸು ಖಚಿತವಾದರೆ ಆ ಊರಿನ ಉಳಿದವರು ಯಾವ ಕಾಡಿಗೆ ಹೋಗಬಾರದೆಂದು ತಿಳಿಯುತ್ತದೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಈಗ ಪಿಸಿಆರ್ ಪರೀಕ್ಷೆ ವೈರಸ್ಸಿನ ಆರ್‌ಎನ್‌ಎಯನ್ನು ಕೆಲವೇ ಗಂಟೆಗಳಲ್ಲಿ ಪತ್ತೆಹಚ್ಚುತ್ತದೆ, ಜ್ವರದ ಮೊದಲ ದಿನಗಳಲ್ಲಿ ಅದಕ್ಕೆ ಸಾಟಿಯಿಲ್ಲ. ಇಲಿಮರಿ, ಜೋಡಿ ಸೀರಮ್ಮುಗಳ ಕಾಲ ಮುಗಿಯಿತಲ್ಲವೇ? ರೋಗ ಯಾವುದೆಂಬ ಅಂದಾಜಿದ್ದಾಗ ಮುಗಿದದ್ದು ನಿಜ, ಅದು ಸಂತೋಷದ ವಿಷಯವೂ ಹೌದು. ಆದರೆ ಪಿಸಿಆರ್ ಹುಡುಕುವುದು ನಾವು ಹುಡುಕಲು ಹೇಳಿದ್ದನ್ನು ಮಾತ್ರ. 1957ರಲ್ಲಿ ಹಳದಿ ಜ್ವರದ ಪಿಸಿಆರ್ ಇದ್ದಿದ್ದರೆ ಅದು ‘ಇಲ್ಲ’ ಎಂದು ಹೇಳಿ ಸುಮ್ಮನಾಗುತ್ತಿತ್ತು. ಹಾಗಾದರೆ ಮಾದರಿಯಲ್ಲಿರುವ ಆನುವಂಶಿಕ ಅಕ್ಷರಗಳನ್ನೆಲ್ಲ ಓದಿಬಿಡುವ ಇಂದಿನ ವಿಧಾನ ಸಾಕಲ್ಲ ಎನ್ನಬಹುದು. ಅದಕ್ಕೂ ಸುತ್ತಲ ಸಾಕ್ಷಿಗಳು ಬೇಕೆಂದು ಚೀನಾದ ಯುನ್ನಾನ್ ಪ್ರಾಂತ್ಯದ ಪ್ರಕರಣ ತೋರಿಸುತ್ತದೆ. ಅಲ್ಲಿ 1989ರಲ್ಲಿ ಜ್ವರದ ರೋಗಿಯೊಬ್ಬರಿಂದ ಪಡೆದ ವೈರಸ್ಸನ್ನು ಹಲವು ವರ್ಷಗಳ ನಂತರ ಓದಿ ನೋಡಿದಾಗ ಅದು ಕ್ಯಾಸನೂರಿನ ವೈರಸ್ಸೇ ಎಂದು ಕಂಡಿತು. ಓದಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಅದು 1957ರಲ್ಲಿ ಸಿಕ್ಕ ಮೂಲ ತಳಿಯನ್ನು ಬಹುಪಾಲು ಅಚ್ಚೊತ್ತಿದಂತಿತ್ತು. ಕರ್ನಾಟಕದಲ್ಲಿ ಅನಂತರ ಸಿಕ್ಕ ತಳಿಗಳೇ ಅದಕ್ಕಿಂತ ಹೆಚ್ಚು ಬದಲಾಗಿದ್ದವು. ಮೂರು ದಶಕ ಕಾಡಿನಲ್ಲಿ ಅಲೆದ ವೈರಸ್ಸು ಹಾಗೆ ಬದಲಾಗದೆ ಉಳಿಯುವುದು ಕಷ್ಟ, ಪ್ರಯೋಗಾಲಯದಲ್ಲೇ ಮಾದರಿ ಬೆರೆತಿರಬಹುದು ಎಂಬ ಸಂದೇಹವನ್ನು ಸಂಶೋಧಕರು ಎತ್ತಿದರು.