ಸಾಮಾನ್ಯ ಶಸ್ತ್ರಚಿಕಿತ್ಸಾ ವಿಭಾಗದ ಸ್ನಾತಕೋತ್ತರ ವೈದ್ಯರ ತರಬೇತಿ: ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ವೈದ್ಯಕೀಯ ಕಾಲೇಜುಗಳಿಗೆ ಸೇರಿದ ಬೋಧನಾ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗಾಗಿ ಬರುವ ರೋಗಿಯನ್ನು ಮೊದಲು ಪರೀಕ್ಷಿಸುವವರು ಹಾಗೂ ರಾತ್ರಿ ವೇಳೆ ವಾರ್ಡಿನಲ್ಲಿ ಲಭ್ಯವಿರುವವರು ಬಹುತೇಕ ಸ್ನಾತಕೋತ್ತರ ವೈದ್ಯರಾಗಿರುತ್ತಾರೆ. ಇವರನ್ನು ವಿದ್ಯಾರ್ಥಿಗಳೆಂದು ಕರೆಯುವುದರಿಂದ, ಕಲಿಯುತ್ತಿರುವವರ ಕೈಗೆ ರೋಗಿಯನ್ನು ಒಪ್ಪಿಸಲಾಗುತ್ತದೆಯೇ ಎಂಬ ಆತಂಕ ಬಂಧುಗಳಲ್ಲಿ ಉಂಟಾಗುವುದು ಸಹಜ. ಸದರಿ ವೈದ್ಯರ ಅರ್ಹತೆ, ತರಬೇತಿಯ ಹಂತಗಳು, ಮೇಲ್ವಿಚಾರಣೆ ಮತ್ತು ರೋಗಿಗಿರುವ ಹಕ್ಕುಗಳ ವಿವರಗಳನ್ನು ಈ ಕೆಳಗೆ ನೀಡಲಾಗಿದೆ.

1. ಅರ್ಹತೆ ಮತ್ತು ಪ್ರವೇಶ

ಸಾಮಾನ್ಯ ಶಸ್ತ್ರಚಿಕಿತ್ಸೆಯ ಎಂ.ಎಸ್. ವ್ಯಾಸಂಗಕ್ಕೆ ಸೇರುವವರು ಎಂ.ಬಿ.ಬಿ.ಎಸ್. ಪದವಿ ಮತ್ತು ಕಡ್ಡಾಯ ಇಂಟರ್ನ್‌ಷಿಪ್ ಪೂರೈಸಿ, ವೈದ್ಯಕೀಯ ಪರಿಷತ್ತಿನಲ್ಲಿ ನೋಂದಣಿ ಹೊಂದಿದ ವೈದ್ಯರಾಗಿರುತ್ತಾರೆ. ಆದ್ದರಿಂದ ಇಲ್ಲಿ ‘ವಿದ್ಯಾರ್ಥಿ’ ಎಂದರೆ ವೈದ್ಯರಾಗಿದ್ದು ತಜ್ಞತೆಯನ್ನು ಗಳಿಸುತ್ತಿರುವವರು ಎಂದು ತಿಳಿಯತಕ್ಕದ್ದು. ಪ್ರವೇಶವು ರಾಷ್ಟ್ರಮಟ್ಟದ ನೀಟ್-ಪಿ.ಜಿ. ಪರೀಕ್ಷೆಯ ಅರ್ಹತೆಯನ್ನು ಆಧರಿಸಿರುತ್ತದೆ. ರಾಜ್ಯದ ಪಾಲಿನ ಸೀಟುಗಳ ಹಂಚಿಕೆಯನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ನಡೆಸುತ್ತದೆ. ಸರ್ಕಾರಿ ಕಾಲೇಜುಗಳ ಶೇಕಡ 50ರಷ್ಟು ಸೀಟುಗಳು ಅಖಿಲ ಭಾರತ ಕೋಟಾಕ್ಕೆ ಸೇರಿರುತ್ತವೆ.

2. ಅವಧಿ ಮತ್ತು ನಿಯಂತ್ರಣ

ವ್ಯಾಸಂಗದ ಅವಧಿ 3 ವರ್ಷಗಳು. 2020ರಲ್ಲಿ ಭಾರತೀಯ ವೈದ್ಯಕೀಯ ಪರಿಷತ್ತಿನ ಸ್ಥಾನದಲ್ಲಿ ಅಸ್ತಿತ್ವಕ್ಕೆ ಬಂದ ರಾಷ್ಟ್ರೀಯ ವೈದ್ಯಕೀಯ ಆಯೋಗವು ಇದರ ನಿಯಮಗಳನ್ನು ರೂಪಿಸುತ್ತದೆ. ರಾಜ್ಯದ ಸರ್ಕಾರಿ ಕಾಲೇಜುಗಳಲ್ಲಿ ಪರೀಕ್ಷೆ ಮತ್ತು ಪದವಿಯ ಹೊಣೆ 1996ರಲ್ಲಿ ಸ್ಥಾಪಿತವಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ್ದಾಗಿರುತ್ತದೆ. ಪ್ರತಿ ವರ್ಷ ಶೇಕಡ 80ರಷ್ಟು ಹಾಜರಾತಿ ಕಡ್ಡಾಯ.

3. ತರಬೇತಿಯ ಹಂತಗಳು

ತರಬೇತಿಯು ಹಂತ ಹಂತವಾಗಿ ಹೊಣೆ ಹೆಚ್ಚಿಸುವ ಕ್ರಮವನ್ನು ಅನುಸರಿಸುತ್ತದೆ. ಕಾಲೇಜಿನಿಂದ ಕಾಲೇಜಿಗೆ ಅಲ್ಪಸ್ವಲ್ಪ ವ್ಯತ್ಯಾಸವಿದ್ದರೂ ಸಾಮಾನ್ಯ ಕ್ರಮವು ಈ ಕೆಳಕಂಡಂತಿರುತ್ತದೆ.

ಮೊದಲನೆಯ ವರ್ಷ: ರೋಗಿಯ ಪೂರ್ವವೃತ್ತಾಂತ ಬರೆಯುವುದು, ಗಾಯಕ್ಕೆ ಪಟ್ಟಿ ಕಟ್ಟುವುದು, ಹೊಲಿಗೆ ಹಾಕುವುದು, ಕೀವುಗಡ್ಡೆ ತೆರೆಯುವುದು ಮತ್ತು ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಸಹಾಯಕರಾಗಿ ನಿಲ್ಲುವುದು.

ಎರಡನೆಯ ವರ್ಷ: ಅಪೆಂಡಿಕ್ಸ್, ಹರ್ನಿಯಾ, ಹೈಡ್ರೋಸೀಲ್ ಮುಂತಾದ ಶಸ್ತ್ರಚಿಕಿತ್ಸೆಗಳನ್ನು ಹಿರಿಯರ ಸಮ್ಮುಖದಲ್ಲಿ ನಿರ್ವಹಿಸುವುದು.

ಮೂರನೆಯ ವರ್ಷ: ಕರುಳಿನ ರಂಧ್ರ ಮುಚ್ಚುವುದು, ಕರುಳಿನ ಜೋಡಣೆ ಮುಂತಾದ ತುರ್ತು ಶಸ್ತ್ರಚಿಕಿತ್ಸೆಗಳು, ಲ್ಯಾಪರೋಸ್ಕೋಪಿ ವಿಧಾನದ ಅಭ್ಯಾಸ ಮತ್ತು ಕಿರಿಯರಿಗೆ ಮಾರ್ಗದರ್ಶನ.

ಕೈಚಳಕವು ತರಬೇತಿಯ ಒಂದು ಭಾಗ ಮಾತ್ರ. ಹೊಟ್ಟೆಯ ಬಲಭಾಗದ ನೋವಿನಿಂದ ಬಂದ ರೋಗಿಗೆ ಕೂಡಲೇ ಶಸ್ತ್ರಚಿಕಿತ್ಸೆ ಮಾಡಬೇಕೇ ಅಥವಾ ಕೆಲವು ಗಂಟೆ ಕಾದು ಪುನಃ ಪರೀಕ್ಷಿಸಬೇಕೇ ಎಂಬ ನಿರ್ಧಾರವನ್ನು ಕಲಿಯುವುದು ಅಷ್ಟೇ ಕಠಿಣ. ಶಸ್ತ್ರಚಿಕಿತ್ಸೆಯ ನಂತರ ನಾಡಿ ಬಡಿತ ಏರುತ್ತಿರುವುದನ್ನೂ ಮೂತ್ರದ ಪ್ರಮಾಣ ಇಳಿಯುತ್ತಿರುವುದನ್ನೂ ಸಕಾಲದಲ್ಲಿ ಗುರುತಿಸಿ, ಹಿಂಜರಿಯದೆ ಹಿರಿಯರನ್ನು ಕರೆಯುವುದು ರೋಗಿಯ ಪ್ರಾಣ ಉಳಿಸುವ ಕಲಿಕೆಯಾಗಿದೆ.

4. ಮೇಲ್ವಿಚಾರಣೆ ಮತ್ತು ದಾಖಲೆ

ಪ್ರತಿಯೊಬ್ಬ ಸ್ನಾತಕೋತ್ತರ ವೈದ್ಯರೂ ಒಂದು ಘಟಕಕ್ಕೆ ಸೇರಿದವರಾಗಿದ್ದು, ಅವರ ಮೇಲೆ ಸೀನಿಯರ್ ರೆಸಿಡೆಂಟ್, ಸಹಾಯಕ ಮತ್ತು ಸಹ ಪ್ರಾಧ್ಯಾಪಕರು ಹಾಗೂ ಘಟಕದ ಮುಖ್ಯಸ್ಥರು ಇರುತ್ತಾರೆ. ಪ್ರತಿ ಶಸ್ತ್ರಚಿಕಿತ್ಸೆಯಲ್ಲಿ ತಾನು ಕೇವಲ ವೀಕ್ಷಿಸಿದೆನೇ, ಸಹಾಯ ಮಾಡಿದೆನೇ, ಮೇಲ್ವಿಚಾರಣೆಯಲ್ಲಿ ನಿರ್ವಹಿಸಿದೆನೇ ಅಥವಾ ಸ್ವತಂತ್ರವಾಗಿ ನಿರ್ವಹಿಸಿದೆನೇ ಎಂಬುದನ್ನು ತರಬೇತಿಯಲ್ಲಿರುವವರು ಲಾಗ್ ಪುಸ್ತಕದಲ್ಲಿ ದಾಖಲಿಸಿ, ಬೋಧಕರ ದೃಢೀಕರಣ ಪಡೆಯತಕ್ಕದ್ದು.

ವಿಶ್ವ ಆರೋಗ್ಯ ಸಂಸ್ಥೆಯು 2008ರಲ್ಲಿ ಪ್ರಕಟಿಸಿದ ಸುರಕ್ಷತಾ ತಪಶೀಲು ಪಟ್ಟಿಯ ಬಳಕೆಯನ್ನೂ ಇವರು ಕಲಿಯುತ್ತಾರೆ. ಅರಿವಳಿಕೆಗೆ ಮುನ್ನ, ಚರ್ಮ ಛೇದನಕ್ಕೆ ಮುನ್ನ ಮತ್ತು ರೋಗಿ ಕೊಠಡಿಯಿಂದ ಹೊರಡುವ ಮುನ್ನ ಒಟ್ಟು 19 ಅಂಶಗಳನ್ನು ಈ ಪಟ್ಟಿಯ ಪ್ರಕಾರ ಪರಿಶೀಲಿಸಲಾಗುತ್ತದೆ.

5. ಜಿಲ್ಲಾ ಆಸ್ಪತ್ರೆಯಲ್ಲಿ ಸೇವೆ

ಆಯೋಗದ ನಿಯಮಗಳನ್ವಯ 3, 4 ಅಥವಾ 5ನೆಯ ಸೆಮಿಸ್ಟರ್‌ನಲ್ಲಿ 3 ತಿಂಗಳ ಕಾಲ ಜಿಲ್ಲಾ ಆರೋಗ್ಯ ವ್ಯವಸ್ಥೆಯ ಆಸ್ಪತ್ರೆಯಲ್ಲಿ ಕಡ್ಡಾಯವಾಗಿ ತರಬೇತಿ ಪಡೆಯಬೇಕಾಗಿರುತ್ತದೆ. ಸೀಮಿತ ಸೌಲಭ್ಯದಲ್ಲಿ ಚಿಕಿತ್ಸೆ ನೀಡುವ ಹಾಗೂ ಯಾವ ರೋಗಿಯನ್ನು ಯಾವಾಗ ಉನ್ನತ ಆಸ್ಪತ್ರೆಗೆ ಕಳುಹಿಸಬೇಕೆಂಬ ಅನುಭವ ಇದರಿಂದ ದೊರೆಯುತ್ತದೆ.

6. ಪರೀಕ್ಷೆ

ಪ್ರೌಢ ಪ್ರಬಂಧ ಸಲ್ಲಿಕೆ, 4 ಲಿಖಿತ ಪತ್ರಿಕೆಗಳು, ರೋಗಿಗಳನ್ನು ಪರೀಕ್ಷಿಸಿ ವರದಿ ನೀಡುವ ಪ್ರಾಯೋಗಿಕ ಪರೀಕ್ಷೆ ಮತ್ತು ಮೌಖಿಕ ಪರೀಕ್ಷೆ ಇರುತ್ತವೆ. ಲಿಖಿತದಲ್ಲಿ ಉತ್ತಮ ಅಂಕ ಬಂದ ಮಾತ್ರಕ್ಕೆ ಪ್ರಾಯೋಗಿಕದ ಕೊರತೆಯನ್ನು ತುಂಬಲಾಗದು. ಎರಡರಲ್ಲೂ ಪ್ರತ್ಯೇಕವಾಗಿ ತೇರ್ಗಡೆಯಾಗತಕ್ಕದ್ದು. ಮುಂದೆ ಮೂತ್ರಾಂಗ, ನರ, ಪ್ಲಾಸ್ಟಿಕ್ ಮುಂತಾದ ಶಸ್ತ್ರಚಿಕಿತ್ಸಾ ವಿಷಯಗಳಲ್ಲಿ ಎಂ.ಸಿ.ಎಚ್. ವ್ಯಾಸಂಗಕ್ಕೆ ಅವಕಾಶವಿರುತ್ತದೆ.

7. ರೋಗಿಗಳು ಮತ್ತು ಬಂಧುಗಳ ಗಮನಕ್ಕೆ

ಅ) ಶಸ್ತ್ರಚಿಕಿತ್ಸೆ ಮಾಡುವವರು ಯಾರು, ಮೇಲ್ವಿಚಾರಕರು ಯಾರು ಎಂದು ಮುಂಚಿತವಾಗಿ ಕೇಳಬಹುದು. ಹಾಗೆ ಕೇಳುವುದು ಅವಿಶ್ವಾಸವೆನಿಸದು.

ಆ) ಒಪ್ಪಿಗೆ ಪತ್ರಕ್ಕೆ ಸಹಿ ಮಾಡುವ ಮುನ್ನ ಚಿಕಿತ್ಸೆಯ ಉದ್ದೇಶ, ಅಪಾಯ ಮತ್ತು ಪರ್ಯಾಯಗಳನ್ನು ತಮಗೆ ತಿಳಿಯುವ ಭಾಷೆಯಲ್ಲಿ ವಿವರಿಸುವಂತೆ ಕೋರತಕ್ಕದ್ದು. ತಪಾಸಣೆಗೆ ನೀಡಿದ ಒಪ್ಪಿಗೆಯು, ಪ್ರಾಣಾಪಾಯದ ಸಂದರ್ಭವನ್ನು ಹೊರತುಪಡಿಸಿ, ಬೇರೆ ಶಸ್ತ್ರಚಿಕಿತ್ಸೆಗೆ ಅನ್ವಯಿಸದೆಂದು ಸರ್ವೋಚ್ಚ ನ್ಯಾಯಾಲಯವು 2008ರಲ್ಲಿ ತೀರ್ಪು ನೀಡಿದೆ.

ಇ) ಚಿಕಿತ್ಸಾ ದಾಖಲೆಗಳಿಗಾಗಿ ಮನವಿ ಸಲ್ಲಿಸಿದಲ್ಲಿ, 2002ರ ವೈದ್ಯಕೀಯ ವೃತ್ತಿ ನಡವಳಿಕೆ ನಿಯಮಗಳನ್ವಯ 72 ಗಂಟೆಗಳೊಳಗೆ ಒದಗಿಸತಕ್ಕದ್ದು.

ಈ) ವಾರ್ಡಿನಲ್ಲಿ ರೋಗಿಯ ಸ್ಥಿತಿ ಹದಗೆಟ್ಟಂತೆ ಕಂಡುಬಂದಲ್ಲಿ ಕರ್ತವ್ಯದಲ್ಲಿರುವ ವೈದ್ಯರಿಗೆ ಕೂಡಲೇ ತಿಳಿಸಿ, ಅಗತ್ಯವೆನಿಸಿದರೆ ಘಟಕದ ಹಿರಿಯ ವೈದ್ಯರ ಗಮನಕ್ಕೆ ತರುವಂತೆ ಕೋರಬಹುದು. ಪರಿಹಾರ ದೊರೆಯದಿದ್ದಲ್ಲಿ ಆಸ್ಪತ್ರೆಯ ವೈದ್ಯಕೀಯ ಅಧೀಕ್ಷಕರನ್ನು ಸಂಪರ್ಕಿಸತಕ್ಕದ್ದು.